ಹಲಗೆ ನೀಲಿಯಾಯಿತು, ಒಲೆಗೆ ಹಾಕಲೇ?

ಪ್ರಶ್ನೆ: "ನಮ್ಮದು ಹೊನ್ನಾವರದ ಹತ್ತಿರ ಒಂದು ಹಳ್ಳಿ. ಮನೆಯ ಕಡೆ ವಾಲಿದ್ದ ಒಂದು ಮಾವಿನ ಮರ, ಒಂದು ಹಲಸಿನ ಮರ ಇದ್ದವು. ಹಣ್ಣು ಮುಗಿಯಲಿ ಅಂತ ಕಾದು ಮೇ ಕೊನೆಯಲ್ಲಿ ಕಡಿಸಿದೆವು. ಸಾ ಮಿಲ್ಲಿನಲ್ಲಿ ಒಂದು ಇಂಚಿನ, ಒಂದೂವರೆ ಇಂಚಿನ ಹಲಗೆ ಮಾಡಿಸಿದ್ದಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಒಂದರ ಮೇಲೊಂದು ಪೇರಿಸಿ ತಾಡಪಾಲು ಹೊದೆಸಿದೆವು. ಮೂರು ವಾರ ಬಿಟ್ಟು ತೆಗೆದು ನೋಡಿದರೆ ಮಾವಿನ ಹಲಗೆ ತುಂಬ ನೀಲಿ-ಕಪ್ಪು ಗೆರೆಗಳು, ಮೇಲೆ ಹಸಿರು ಬೂಷ್ಟು. ಹಲಸಿನಲ್ಲಿ ಅಂಚಿನ ಬಿಳಿ ಭಾಗ ಮಾತ್ರ ಕಪ್ಪಾಗಿದೆ. ಆಚಾರಿ 'ಇದು ಕೊಳೆತಿದೆ, ಒಲೆಗೆ ಹಾಕಿ' ಅಂದರು. ಅಮಾವಾಸ್ಯೆ ನೋಡಿ ಕಡಿಸಲಿಲ್ಲ, ಅದಕ್ಕೇ ಹೀಗಾಯಿತು ಅಂತ ನಮ್ಮ ಮಾವನವರು ಹೇಳುತ್ತಾರೆ. ಒಬ್ಬರು ಬೇವಿನೆಣ್ಣೆ ಹಚ್ಚಿ ಅಂದರು, ಇನ್ನೊಬ್ಬರು ಗೋಮೂತ್ರಕ್ಕೆ ಅರಿಸಿನ ಕಲಸಿ ಬಳಿಯಿರಿ ಅಂದರು, ಮತ್ತೊಬ್ಬರು ಗೇರೆಣ್ಣೆ ಅಂದರು. ಊಟದ ಮೇಜು ಮತ್ತು ಮಗುವಿಗೊಂದು ಸಣ್ಣ ಮಂಚ ಮಾಡಿಸುವ ಆಸೆ ಇತ್ತು. ಮಗು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು, ಹಾಗಾಗಿ ವಿಷದ ಔಷಧ ಬೇಡ. ಹಲಗೆ ಉಳಿಸಿಕೊಳ್ಳಬಹುದೇ? ಇನ್ನೊಂದು ಮಾವಿನ ಮರವೂ ವಾಲುತ್ತಿದೆ. ಅದನ್ನಾದರೂ ಯಾವಾಗ ಕಡಿಸುವುದು?"

ಉತ್ತರ: ಸದ್ಯಕ್ಕೆ ಒಲೆಯ ಯೋಚನೆ ಬಿಡಿ. ನೀವು ಬರೆದ ಲಕ್ಷಣ ನೋಡಿದರೆ ಮರ ಕೊಳೆತಿಲ್ಲ, ಬಣ್ಣ ಕೆಟ್ಟಿದೆ ಅಷ್ಟೆ. ಎರಡನ್ನೂ ಮಾಡುವುದು ಶಿಲೀಂಧ್ರವೇ. ಆದರೆ ಅವುಗಳ ಜಾತಿ ಬೇರೆ, ತಿನ್ನುವ ವಸ್ತುವೂ ಬೇರೆ. ನಮ್ಮ ಜಿಲ್ಲೆಯಲ್ಲಿ ಜೂನ್, ಜುಲೈ ಬಂತೆಂದರೆ ನನ್ನ ಬಳಿ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಮಾವು, ರಬ್ಬರ್, ಸಿಲ್ವರ್ ಓಕ್, ಹಲಸಿನ ಬಿಳಿ ಅಂಚು ಎಲ್ಲದರದ್ದೂ ಒಂದೇ ಕಥೆ. ಆಚಾರಿಯನ್ನು ದೂರಬೇಡಿ. ಗಿರಾಕಿ ನೀಲಿ ಹಲಗೆ ನೋಡಿ ಮುಖ ಸಿಂಡರಿಸುವುದನ್ನು ಅವರು ಸಾಕಷ್ಟು ಕಂಡಿರುತ್ತಾರೆ. ಆ ತಲೆನೋವೇ ಬೇಡ ಅಂತ ಹಾಗೆ ಹೇಳಿರಬಹುದು.

ಆದರೂ ಪತ್ರ ಓದಿ ನಾನು ಹೇಳಿದ್ದನ್ನು ಹಾಗೇ ನಂಬಬೇಡಿ. ನೀವೇ ಪರೀಕ್ಷೆ ಮಾಡಿ, ಕಷ್ಟ ಏನಿಲ್ಲ.

ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಲಗೆಯನ್ನು ಅಂಗಳಕ್ಕೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಸಿರು ಪುಡಿಯಂಥದ್ದು ಬಟ್ಟೆಗೆ ಬಂದುಬಿಡುತ್ತದೆ. ಅದು ಮೇಲಿನ ಬೂಷ್ಟು, ಮರದ ಒಳಗೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಒರೆಸಿದ ಮೇಲೂ ಉಳಿಯುವ ನೀಲಿ-ಕಪ್ಪು ಗೆರೆ ಇದೆಯಲ್ಲ, ಅದು ಒಳಗಿನದು. ಹಲಗೆಯ ತುದಿಯನ್ನು ನಾಲ್ಕು ಬೆರಳು ಅಡ್ಡ ಕೊಯ್ದು ನೋಡಿದರೆ ಕಲೆ ಹೊರಗಿನಿಂದ ಒಳಕ್ಕೆ ಬೆಣೆಯ ಆಕಾರದಲ್ಲಿ ಚೂಪಾಗುತ್ತ ಹೋಗಿರುತ್ತದೆ. ಹಲಸಿನಲ್ಲಾದರೆ ಹಳದಿ ಚೇಗು, ಅಂದರೆ ಮರದ ನಡುವಿನ ಗಟ್ಟಿ ತಿರುಳು, ಶುರುವಾಗುವ ಗೆರೆಯಲ್ಲಿ ನಿಂತಿರುತ್ತದೆ. ಹಾಗೆ ಕಂಡರೆ ಅದು ನೀಲಿ ಕಲೆಯ ಶಿಲೀಂಧ್ರವೇ.

ಆಮೇಲೆ ಒಂದು ಗಟ್ಟಿ ಚೂರಿ ಅಥವಾ ದಬ್ಬಳ ತಗೊಳ್ಳಿ. ಕಲೆ ಇರುವ ಜಾಗದಲ್ಲಿ ಎಳೆಗೆ ಅಡ್ಡವಾಗಿ ಕಾಲಿಂಚು ಚುಚ್ಚಿ, ಮೆಲ್ಲಗೆ ಮೀಟಿ ಎಬ್ಬಿಸಿ. ಗಟ್ಟಿ ಮರವಾದರೆ ಚಟ್ ಅಂತ ಸದ್ದು ಬರುತ್ತದೆ, ಉದ್ದನೆಯ ಸಿಬಿರು ಒಂದು ತುದಿಯಲ್ಲಿ ಅಂಟಿಕೊಂಡೇ ಮೇಲೇಳುತ್ತದೆ. ಕೊಳೆತ ಮರ ಸದ್ದು ಮಾಡುವುದಿಲ್ಲ, ಗಿಡ್ಡ ಗಿಡ್ಡ ತುಂಡಾಗಿ ಅಲ್ಲೇ ಮುರಿಯುತ್ತದೆ. ಹತ್ತಾರು ಜಾಗದಲ್ಲಿ ಹೀಗೆ ಮಾಡಿ. ಮುರಿದು ಬಂದ ಹಲಗೆಗೆ ಮಾತ್ರ ಆಚಾರಿಯ ಮಾತು ಸರಿ.

ಹಲಸಿನ ಚೇಗಿನಲ್ಲೂ ಅಲ್ಲಲ್ಲಿ ಕಪ್ಪು ಮಚ್ಚೆ ಕಂಡರೆ ಅದಕ್ಕೆ ಶಿಲೀಂಧ್ರ ಕಾರಣ ಇರಲಿಕ್ಕಿಲ್ಲ. ಹಸಿ ಮರದ ಒಗರು ಕಬ್ಬಿಣಕ್ಕೆ ತಾಗಿದರೆ ಶಾಯಿಯಂಥ ಬಣ್ಣ ಹುಟ್ಟುತ್ತದೆ. ಮೊಳೆ, ತಂತಿ, ಗರಗಸದ ಬ್ಲೇಡು, ಕಬ್ಬಿಣದ ಸರಳಿನ ಮೇಲೆ ಇಟ್ಟದ್ದು, ಯಾವುದೂ ಆಗಬಹುದು. ಮತ್ತಿ ಮರದಲ್ಲಿ ಇದು ತುಂಬಾ ಜಾಸ್ತಿ. ಮಚ್ಚೆಯ ಮೇಲೆ ನಿಂಬೆರಸ ಹಿಂಡಿ ಸ್ವಲ್ಪ ಹೊತ್ತು ಬಿಡಿ. ಕಬ್ಬಿಣದ ಕಲೆ ತಿಳಿಯಾಗುತ್ತದೆ, ಶಿಲೀಂಧ್ರದ ಕಲೆ ಜಗ್ಗುವುದಿಲ್ಲ.

ಈಗ ಇದು ಯಾಕೆ ಬಂತು ಅಂತ ನೋಡೋಣ. ನಮ್ಮ ಕಡೆಯ ಮಾವು, ರಬ್ಬರ್ ಮರಗಳಲ್ಲಿ ಈ ಕಲೆಗೆ ಮುಖ್ಯ ಕಾರಣ ಲಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೆ ಎಂಬ ಶಿಲೀಂಧ್ರ. ಹೆಸರು ಹೊಸದಾಗಿ ಕಂಡರೂ ನಿಮಗೆ ಇದರ ಪರಿಚಯ ಇದೆ. ಮಾವಿನ ಹಣ್ಣು ತೊಟ್ಟಿನ ಕಡೆಯಿಂದ ಕಪ್ಪಾಗಿ ಕೊಳೆಯುತ್ತ ಬರುತ್ತದಲ್ಲ, ಅದನ್ನು ಮಾಡುವುದೂ ಇದೇ. ಅಂದರೆ ನಿಮ್ಮ ತೋಟದಲ್ಲಿ, ಗಾಳಿಯಲ್ಲಿ, ಮರದ ತೊಗಟೆಯಲ್ಲಿ ಇದು ಮೊದಲೇ ಇತ್ತು. ಸಾ ಮಿಲ್ಲಿನವರು ಅಂಟಿಸಿದ್ದಲ್ಲ.

ಇದಕ್ಕೆ ಮರದ ನಾರು ಬೇಡ. ನಾರು ತಿನ್ನುವುದು ಕೊಳೆಸುವ ಜಾತಿಗಳು. ಇದು ಹುಡುಕುವುದು ಬಿಳಿಮರದ, ಅಂದರೆ ಚೇಗಿನ ಹೊರಗಿನ ಬಿಳಿ ಭಾಗದ, ಕೋಶಗಳಲ್ಲಿ ಉಳಿದ ಸಕ್ಕರೆ ಮತ್ತು ಪಿಷ್ಟವನ್ನು. ಅವನ್ನು ತಿನ್ನುತ್ತ ಎಳೆ ಎಳೆಯಾಗಿ ಒಳಗೆ ಹಬ್ಬುತ್ತದೆ. ಆ ಎಳೆಗಳ ನಿಜವಾದ ಬಣ್ಣ ಕಂದು. ಮರದ ಒಳಗಿಂದ ಬೆಳಕು ಚದುರಿ ಬರುವಾಗ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಹಾಗಾಗಿ ಕಲೆ ಇದ್ದರೂ ಹಲಗೆಯ ಬಲ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಪೆಟ್ಟು ತಡೆಯುವ ಗುಣ ಮಾತ್ರ ಸ್ವಲ್ಪ ಇಳಿಯುತ್ತದೆ. ಕೊಡಲಿ ಕಾವು, ಏಣಿ ಮಾಡಲು ಬೇಡ, ಮೇಜಿಗೆ ಏನೂ ತೊಂದರೆ ಇಲ್ಲ. ಇನ್ನೊಂದು ಬದಲಾವಣೆಯೂ ಆಗುತ್ತದೆ. ಕಲೆ ಬಿದ್ದ ಭಾಗ ನೀರನ್ನೂ ಪಾಲಿಶನ್ನೂ ಜಾಸ್ತಿ ಹೀರುತ್ತದೆ. ಇದು ಮುಂದೆ ಪಾಲಿಶ್ ಮಾಡುವಾಗ ನೆನಪಿರಲಿ.

ಚೇಗಿಗೆ ಯಾಕೆ ತಾಗಲಿಲ್ಲ? ಅಲ್ಲಿ ಸಕ್ಕರೆ ಉಳಿದಿಲ್ಲ, ಜೊತೆಗೆ ಮರ ತಾನೇ ತುಂಬಿಟ್ಟ ಕಹಿ-ಒಗರಿನ ಪದಾರ್ಥಗಳಿವೆ. ಸಾಗವಾನಿ, ಹೊನ್ನೆ, ಹೆಬ್ಬಲಸು ನೂರಾರು ವರ್ಷ ಬಾಳುವುದು ಇದರಿಂದಲೇ. ನೈಸರ್ಗಿಕ ಸಂರಕ್ಷಕ ಬೇಕು ಅಂತ ಎಲ್ಲರೂ ಎಣ್ಣೆ ಅಂಗಡಿಗೆ ಹೋಗುತ್ತಾರೆ. ಅದರಲ್ಲಿ ಮೊದಲ ದರ್ಜೆಯದ್ದು ನಿಮ್ಮ ಹಲಸಿನ ಹಲಗೆಯ ಹಳದಿ ಭಾಗದಲ್ಲೇ ಇದೆ. ಮಾವಿಗೆ ಆ ಭಾಗ್ಯ ಇಲ್ಲ, ಅದು ಹೆಚ್ಚು ಕಡಿಮೆ ಪೂರ್ತಿ ಬಿಳಿಮರವೇ.

ಶಿಲೀಂಧ್ರಕ್ಕೆ ಊಟದ ಜೊತೆ ನೀರು, ಗಾಳಿ, ಬೆಚ್ಚಗಿನ ಹವೆಯೂ ಬೇಕು. 25ರಿಂದ 30 ಡಿಗ್ರಿ ಅದಕ್ಕೆ ಹಿತ, ಅಂದರೆ ನಮ್ಮ ಕರಾವಳಿಯ ಮಳೆಗಾಲ. ನೀರಿನ ಲೆಕ್ಕ ಹೀಗೆ: ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿಳಿದರೆ ಯಾವ ಶಿಲೀಂಧ್ರವೂ ಒಳಗೆ ಬೆಳೆಯುವುದಿಲ್ಲ. ಶೇ. 30ರ ಆಸುಪಾಸು ಮತ್ತು ಅದರ ಮೇಲೆ ಹುಲುಸಾಗಿ ಬೆಳೆಯುತ್ತದೆ. ಹಸಿ ಮಾವಿನ ಹಲಗೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನೀರಿರುತ್ತದೆ. ಅಂಥದ್ದನ್ನು ಸಂದಿಯಿಲ್ಲದೆ ಪೇರಿಸಿ ತಾಡಪಾಲು ಹೊದೆಸಿದರೆ ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ನಿಮ್ಮ ಹಲಗೆ ಕೆಟ್ಟದ್ದು ಆ ಮೂರು ವಾರಗಳಲ್ಲಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಮೊದಲ ವಾರದಲ್ಲೇ.

ಅಮಾವಾಸ್ಯೆಯ ವಿಷಯಕ್ಕೆ ಬರೋಣ. ನಿಮ್ಮ ಮಾವನವರ ಮಾತಿನ ಹಿಂದೆ ಹಳೆಯ ಅನುಭವ ಇದೆ, ನಗಬೇಡಿ. ಮರದ ಒಳಗಿನ ಪಿಷ್ಟ ವರ್ಷದ ಕಾಲಕ್ಕೆ ತಕ್ಕ ಹಾಗೆ ಏರಿಳಿಯುವುದು ನಿಜ. ಬಿದಿರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಪಿಷ್ಟ ಕಡಿಮೆ ಇರುವಾಗ ಕಡಿದರೆ ಮರ ಕೊರೆದು ಪುಡಿ ಮಾಡುವ ಕುಟ್ಟೆ ಹುಳ ಕಡಿಮೆ. ಆದರೆ ಆ ವ್ಯತ್ಯಾಸ ತಿಂಗಳುಗಳದ್ದು, ತಿಥಿಯದ್ದಲ್ಲ. ಮೇ ತಿಂಗಳ ಕೊನೆಯ ಅಮಾವಾಸ್ಯೆಗೆ ಕಡಿಸಿ ಇದೇ ತಾಡಪಾಲು ಹೊದೆಸಿದ್ದರೂ ಹಲಗೆ ನೀಲಿಯಾಗುತ್ತಿತ್ತು. ಹಳಬರು ಮರವನ್ನು ಕೆರೆಗೆ, ಹೊಳೆಗೆ ಹಾಕಿ ಇಡುತ್ತಿದ್ದರಲ್ಲ, ಆ ಪದ್ಧತಿಯಲ್ಲಿ ತಿಥಿಗಿಂತ ಹೆಚ್ಚು ಹುರುಳಿದೆ. ಪೂರ್ತಿ ಮುಳುಗಿದ ದಿಮ್ಮಿಗೆ ಗಾಳಿ ಸಿಗುವುದಿಲ್ಲ, ಶಿಲೀಂಧ್ರ ಬೆಳೆಯುವುದಿಲ್ಲ. ಸಕ್ಕರೆಯೂ ಒಂದಿಷ್ಟು ಕರಗಿ ಹೋಗುತ್ತದೆ. ಅರ್ಧ ತೇಲುತ್ತಿದ್ದರೆ ತೇಲಿದ ಅರ್ಧ ಕೆಡುತ್ತದೆ, ಅಷ್ಟೆ. ಉಪ್ಪುನೀರಿಗೆ ಮಾತ್ರ ಹಾಕಬೇಡಿ. ಉಪ್ಪು ಒಳಗೆ ಉಳಿದರೆ ಪ್ರತಿ ಮಳೆಗಾಲ ಮೇಜು ಬೆವರುತ್ತದೆ, ಮೊಳೆಗೆ ತುಕ್ಕು ಹಿಡಿಯುತ್ತದೆ.

ಇನ್ನು ನಿಮಗೆ ಸಿಕ್ಕ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಬೇವಿನೆಣ್ಣೆ. ಇದಕ್ಕೆ ಹುಳಗಳ ಮೇಲೆ ಇರುವ ಹಿಡಿತ ಬಣ್ಣ ಕೆಡಿಸುವ ಶಿಲೀಂಧ್ರದ ಮೇಲೆ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಹಸಿ ಮರ. ನೀರು ತುಂಬಿದ ಕೋಶದೊಳಗೆ ಎಣ್ಣೆ ಇಳಿಯುವುದಿಲ್ಲ, ಮೇಲೆ ಪದರವಾಗಿ ನಿಂತು ಒಳಗಿನ ನೀರು ಹೊರಬರುವುದನ್ನು ನಿಧಾನ ಮಾಡುತ್ತದೆ. ಅಂದರೆ ಶಿಲೀಂಧ್ರಕ್ಕೇ ಸಹಾಯ. ಒಣಗಿದ ಮೇಲೆ ಹಚ್ಚಿದರೂ ಬೇವು, ಹೊಂಗೆ, ತೆಂಗು, ಇವು ಯಾವುವೂ ಗಟ್ಟಿಯಾಗುವ ಎಣ್ಣೆಗಳಲ್ಲ. ಜಿಡ್ಡು ಹಾಗೇ ಉಳಿದು ಧೂಳು ಹಿಡಿಯುತ್ತದೆ. ಮುಂದಿನ ಮಳೆಗಾಲಕ್ಕೆ ಆ ಜಿಡ್ಡಿನ ಮೇಲೇ ಬೂಷ್ಟು ಬರುವುದನ್ನು ಎಷ್ಟೋ ಬಾಗಿಲುಗಳಲ್ಲಿ ನೋಡಿದ್ದೇನೆ. ಕಪಾಟಿನ ಹಿಂಬದಿಗೆ, ಮಂಚದ ಅಡಿಪಟ್ಟಿಗೆ ಒಣಗಿದ ಮೇಲೆ ಒಂದು ತೆಳು ಕೈ ಹಚ್ಚಿದರೆ ಅಡ್ಡಿಯಿಲ್ಲ. ವಾಸನೆ ತಡೆದುಕೊಳ್ಳಬೇಕು.

ಗೋಮೂತ್ರ-ಅರಿಸಿನ. ಪ್ರಯೋಗಾಲಯದ ತಟ್ಟೆಯಲ್ಲಿ ಅರಿಸಿನದ ಸತ್ವ ಕೆಲವು ಶಿಲೀಂಧ್ರಗಳನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ಆ ಸತ್ವ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ನೀವು ಬಳಿದದ್ದು ಮರದ ಮೇಲೆ ಹಳದಿ ಬಣ್ಣವಾಗಿ ಕೂರುತ್ತದೆ, ಬಿಸಿಲಿಗೆ ಮಾಸುತ್ತದೆ. ಒಳಗಿರುವ ಶಿಲೀಂಧ್ರಕ್ಕೆ ಗೊತ್ತೂ ಆಗುವುದಿಲ್ಲ. ಮೊದಲೇ ಒದ್ದೆಯಾದ ಹಲಗೆಗೆ ಮತ್ತಷ್ಟು ನೀರು ಕುಡಿಸಿದ್ದಷ್ಟೇ ಲಾಭ. ಒಂದು ಎಚ್ಚರಿಕೆ ಕೊಡಲೇಬೇಕು. ಬೂಷ್ಟು ತೆಗೆಯಲು ಬ್ಲೀಚಿಂಗ್ ನೀರು ಬಳಸಿದ ಹಲಗೆಗೆ ಗೋಮೂತ್ರ ತಾಗಿಸಬೇಡಿ. ಎರಡೂ ಸೇರಿದರೆ ಎದೆ ಉರಿಸುವ ವಿಷಗಾಳಿ ಬರುತ್ತದೆ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಸೇರಿದರೂ ಅಷ್ಟೇ ಅಪಾಯ.

ಗೇರೆಣ್ಣೆ. ಗೇರು ಬೀಜದ ಸಿಪ್ಪೆಯಿಂದ ಬರುವ ಈ ಕಪ್ಪು ಎಣ್ಣೆಗೆ ನಿಜವಾಗಿಯೂ ತಾಕತ್ತಿದೆ. ಅದರಲ್ಲಿರುವ ಫೀನಾಲ್ ಜಾತಿಯ ಪದಾರ್ಥಗಳು ಶಿಲೀಂಧ್ರಕ್ಕೂ ಹುಳಕ್ಕೂ ಆಗುವುದಿಲ್ಲ. ನಮ್ಮ ಮೀನುಗಾರರು ಮರದ ದೋಣಿಗೆ ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತ ಬಂದದ್ದು ಸುಮ್ನೆ ಅಲ್ಲ. ಆದರೆ ದೋಣಿ ಬೇರೆ, ಮಗುವಿನ ಮಂಚ ಬೇರೆ. ಹಸಿ ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಗೇರು ಕಾರ್ಖಾನೆಯಲ್ಲಿ ಕೆಲಸ ಮಾಡಿದವರ ಬೆರಳು ನೋಡಿದ್ದರೆ ನಾನು ವಿವರಿಸಬೇಕಿಲ್ಲ. ಮರವೂ ಪೂರ್ತಿ ಕಪ್ಪಾಗುತ್ತದೆ. ಮಾಡಿನ ಪಕಾಸು, ರೀಪು, ನೆಲಕ್ಕೆ ತಾಗುವ ಕಂಬದ ಬುಡ, ಇಂಥ ಕಡೆ ಹಚ್ಚಿ. ಮನೆಯೊಳಗಿನ ಪೀಠೋಪಕರಣಕ್ಕೆ ಖಂಡಿತ ಬೇಡ.

ಸುಣ್ಣದ ನೀರಿನ ಬಗ್ಗೆಯೂ ಕೇಳುತ್ತಾರೆ. ಹೊಸ ಸುಣ್ಣದ ಕ್ಷಾರ ಶಿಲೀಂಧ್ರಕ್ಕೆ ಸೇರುವುದಿಲ್ಲ. ಆದರೆ ಗಾಳಿಗೆ ಬಿದ್ದ ಸುಣ್ಣ ಕೆಲವೇ ದಿನದಲ್ಲಿ ಆ ಕ್ಷಾರ ಗುಣ ಕಳೆದುಕೊಳ್ಳುತ್ತದೆ. ಹಲಸು, ಮತ್ತಿಯಂಥ ಒಗರು ಮರದ ಬಣ್ಣವನ್ನೂ ಕೆಡಿಸುತ್ತದೆ. ವಾಷಿಂಗ್ ಸೋಡಾದ ನೀರಿನಲ್ಲಿ ಹಲಗೆ ಅದ್ದುವ ಪದ್ಧತಿ ಅಮೆರಿಕದ ಪೈನ್ ಮಿಲ್ಲುಗಳಲ್ಲಿ ನೂರು ವರ್ಷದ ಹಿಂದೆ ಇತ್ತು. ನಮ್ಮ ಮಳೆಗೆ ಅದು ಸಾಲದು.

ದಾಲ್ಚಿನ್ನಿ, ಲವಂಗದ ಎಣ್ಣೆಗಳನ್ನು ಶಿರಸಿ ಕಡೆ ಕೆಲವರು ಉತ್ಸಾಹದಿಂದ ಪ್ರಯತ್ನಿಸುತ್ತಿದ್ದಾರೆ. ಬೂಷ್ಟು ತಡೆಯುವ ಗುಣ ಅವುಗಳಲ್ಲಿ ಚೆನ್ನಾಗಿಯೇ ಇದೆ, ಆದರೆ ಹಾರಿಹೋಗುತ್ತವೆ. ಬಟ್ಟೆಯ ಕಪಾಟಿನೊಳಗೆ ಹತ್ತಿಗೆ ನಾಲ್ಕು ಹನಿ ಹಾಕಿ ಇಟ್ಟುಕೊಳ್ಳಿ. ಹಸಿ ಹಲಗೆಗೆ ಬಳಿಯುವುದು ದುಡ್ಡು ಗಾಳಿಗೆ ಬಿಟ್ಟಂತೆ.

ಹಳೆಯ ಉಪಾಯಗಳಲ್ಲಿ ನಾನು ಪೂರ್ತಿ ಒಪ್ಪುವುದು ಹೊಗೆಯನ್ನು. ಘಟ್ಟದ ಮೇಲಿನ ಮನೆಗಳಲ್ಲಿ ಅಡಿಕೆ ಒಣಗಿಸುವ ಅಟ್ಟ, ಅಡುಗೆ ಒಲೆಯ ಮೇಲಿನ ಅಟ್ಟ ಇರುತ್ತಿತ್ತಲ್ಲ, ಅಲ್ಲಿ ಮಳೆಗಾಲ ಪೂರ್ತಿ ಇಟ್ಟ ನಾಟಾ ಕೆಡುತ್ತಿರಲಿಲ್ಲ. ಬಿಸಿಗೆ ಮರ ಒಣಗುತ್ತದೆ, ಹೊಗೆಯಲ್ಲಿರುವ ಫೀನಾಲುಗಳು ಮೇಲ್ಮೈಗೆ ಕೂತು ಶಿಲೀಂಧ್ರವನ್ನು ದೂರ ಇಡುತ್ತವೆ. ಮೇಲಿನ ಮಸಿ ರಂದಾ ಹೊಡೆದರೆ ಹೋಗುತ್ತದೆ. ಗ್ಯಾಸ್ ಒಲೆ ಬಂದ ಮೇಲೆ ಆ ಅನುಕೂಲ ತಪ್ಪಿತು.

ಬಿಳಿಗಾರದ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲ. ತೆಂಗಿಗೆ, ಅಡಿಕೆಗೆ ಬೋರಾನ್ ಅಂತ ಹಾಕುವ ಬೋರಾಕ್ಸೇ ಅದು. ಖನಿಜ, ವಾಸನೆ ಇಲ್ಲ, ಬಣ್ಣ ಇಲ್ಲ. 10 ಲೀಟರ್ ಬಿಸಿ ನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿದರೆ ಸುಮಾರು ಶೇ. 5ರ ದ್ರಾವಣ. ರಬ್ಬರ್ ಮರಕ್ಕೆ ಎಲ್ಲ ಕಡೆ ಬಳಸುವುದು ಇಂಥದ್ದನ್ನೇ. ಕುಟ್ಟೆ ಹುಳಕ್ಕೆ ಮತ್ತು ಕೊಳೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನೀಲಿ ಕಲೆಗೆ ಅಷ್ಟು ಗಟ್ಟಿ ಅಲ್ಲ, ಅದ್ದಿದ ತಕ್ಷಣ ಗಾಳಿಯಲ್ಲಿ ಒಣಗಿಸಿದರೆ ಮಾತ್ರ ಉಪಯೋಗ. ನೀರಿನಲ್ಲಿ ಕರಗುವುದರಿಂದ ಮಳೆಗೆ ತೊಳೆದು ಹೋಗುತ್ತದೆ. ಮನೆಯೊಳಗಿನ ಸಾಮಾನಿಗಷ್ಟೇ ಸರಿ. ನೈಸರ್ಗಿಕ ಅಂದ ಮಾತ್ರಕ್ಕೆ ತಿನ್ನುವಂಥದ್ದಲ್ಲ ಇದು. ಹೊಟ್ಟೆಗೆ ಹೋದರೆ ವಿಷವೇ. ಕೈಗವಸು ಹಾಕಿ, ಗರ್ಭಿಣಿಯರು ಮುಟ್ಟುವುದು ಬೇಡ. ಉಳಿದ ನೀರನ್ನು ಬಾವಿಯ ಹತ್ತಿರ ಅಥವಾ ಒಂದೇ ಗಿಡದ ಬುಡಕ್ಕೆ ಸುರಿಯಬೇಡಿ, ಬೋರಾನ್ ಹೆಚ್ಚಾದರೆ ಗಿಡದ ಎಲೆ ಸುಡುತ್ತದೆ.

ಅಂಗಡಿಯಲ್ಲಿ ಯಾರಾದರೂ ಹಸಿರು ಛಾಯೆಯ, ಒತ್ತಡದಲ್ಲಿ ಔಷಧ ತುಂಬಿದ ಮರ ತೋರಿಸಿ 'ಇದಕ್ಕೆ ಏನೂ ಆಗುವುದಿಲ್ಲ' ಅಂದರೆ, ಮಾತು ನಿಜ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಆ ಔಷಧವನ್ನು 1933ರಲ್ಲಿ ಕಂಡುಹಿಡಿದವರು ನಮ್ಮವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ. ಕಂಬ, ಬೇಲಿಗೆ ಅದು ಸರಿ. ಆರ್ಸೆನಿಕ್ ಇರುವ ಮರದ ಮೇಲೆ ಮಗುವನ್ನು ಮಲಗಿಸುವ ಮಾತೇ ಇಲ್ಲ.

ಈಗ ನಿಮ್ಮ ಹಲಗೆಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ಇಂದೇ ತಾಡಪಾಲು ತೆಗೆಯಿರಿ. ಹಲಗೆ ಒರೆಸಿ. ಮಾಡಿನ ಕೆಳಗೇ, ಆದರೆ ಕೊಟ್ಟಿಗೆಯ ಗಂಜಲದ ತೇವ ತಾಗದ ಕಡೆ, ಚಿರೆಕಲ್ಲು ಜೋಡಿಸಿ ನೆಲದಿಂದ ಒಂದೂವರೆ ಅಡಿ ಎತ್ತರ ಮಾಡಿಕೊಳ್ಳಿ. ಮೊದಲ ಸಾಲು ಹಲಗೆ ಇಟ್ಟು ಅದರ ಮೇಲೆ ಅಡ್ಡಕ್ಕೆ ಒಂದಿಂಚು ದಪ್ಪದ ಒಣಗಿದ ಪಟ್ಟಿಗಳು, ಒಂದೂವರೆ ಅಡಿಗೊಂದು. ಆಮೇಲೆ ಮುಂದಿನ ಸಾಲು. ಪಟ್ಟಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಪಟ್ಟಿ ಹಸಿಯಾಗಿದ್ದರೆ ಪ್ರತಿ ಪಟ್ಟಿಯ ಅಡಿಗೂ ಒಂದು ಹೊಸ ನೀಲಿ ಗೆರೆ ಗ್ಯಾರಂಟಿ. ಹಲಗೆಯ ಎರಡೂ ತುದಿಗೆ ಮೇಣವನ್ನೋ ಹಳೆ ಪೇಂಟನ್ನೋ ಬಳಿಯಿರಿ, ತುದಿ ಸೀಳುವುದು ಕಡಿಮೆಯಾಗುತ್ತದೆ. ರಾಶಿಯ ಮೇಲೆ ಒಂದಿಷ್ಟು ಭಾರ ಇಡಿ. ಪಕ್ಕದಲ್ಲಿ ಒಂದು ಟೇಬಲ್ ಫ್ಯಾನ್ ಹಗಲು ರಾತ್ರಿ ತಿರುಗಲಿ. ನೀವು ಕೊಂಡ ಯಾವ ಎಣ್ಣೆಗಿಂತಲೂ ಈ ಫ್ಯಾನ್ ಹೆಚ್ಚು ಕೆಲಸ ಮಾಡುತ್ತದೆ.

ಮಧ್ಯದ ಒಂದು ಹಲಗೆಯಿಂದ ಗೇಣುದ್ದದ ತುಂಡು ಕೊಯ್ದು ರಾಶಿಯಲ್ಲೇ ಇಡಿ. ವಾರಕ್ಕೊಮ್ಮೆ ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಆ ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಮೊದಮೊದಲು ಸರಸರ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಇಲ್ಲಿ ಹಲವರು ಮೋಸ ಹೋಗುತ್ತಾರೆ. ಆಗಸ್ಟಿನಲ್ಲಿ ತೂಕ ನಿಂತರೆ ಮರ ಒಣಗಿತು ಅಂತಲ್ಲ. ಹೊರಗಿನ ಗಾಳಿಯ ತೇವಕ್ಕೆ ಅದು ಸಮ ಆಯಿತು ಅಂತ. ಗಾಳಿಯಲ್ಲಿ ಶೇ. 90ರಷ್ಟು ತೇವ ಇರುವಾಗ ಮರ ಎಷ್ಟು ದಿನ ಇಟ್ಟರೂ ಶೇ. 20ರ ಹತ್ತಿರವೇ ನಿಲ್ಲುತ್ತದೆ. ಕಲೆ ಹಬ್ಬುವುದು ನಿಲ್ಲಲು ಅಷ್ಟು ಸಾಕು, ಪೀಠೋಪಕರಣಕ್ಕೆ ಸಾಲದು. ಅದಕ್ಕೆ ಶೇ. 12ರಿಂದ 15ಕ್ಕೆ ಬರಬೇಕು. ಅಕ್ಟೋಬರ್ ನಂತರ ತೂಕ ಮತ್ತೆ ಇಳಿಯಲು ಶುರುವಾಗುವುದನ್ನು ನೀವೇ ನೋಡುತ್ತೀರಿ. ಡಿಸೆಂಬರ್ ಕೊನೆಯವರೆಗೆ ಕಾಯಲು ಆಗುತ್ತದಾ? ಆಗದಿದ್ದರೆ ಘಟ್ಟದ ಮೇಲೆ ನೆಂಟರಿದ್ದಾರೆಯೇ ಕೇಳಿ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆಯ ಸೋಲಾರ್ ಮನೆ ಕಟ್ಟಿಕೊಂಡವರು ಈಗ ಬಹಳ ಜನ. ಅದು ಖಾಲಿ ಇರುವ ದಿನಗಳಲ್ಲಿ ಹಲಗೆ ಬೇಗ ಒಣಗಿಸಬಹುದು. ನಡುಮಧ್ಯಾಹ್ನ ಎರಡೂ ಬಾಗಿಲು ತೆರೆದಿಡಿ, ಇಲ್ಲದಿದ್ದರೆ ಹಲಸು ಸೀಳು ಬಿಡುತ್ತದೆ.

ಮಾವಿನ ಹಲಗೆ ಈಗ ಒಮ್ಮೆ ಮೇಲ್ಮೈ ಆರಿದ ಮೇಲೆ ಬಿಳಿಗಾರದ ದ್ರಾವಣವನ್ನು ಬ್ರಶ್ಶಿನಲ್ಲಿ ಎರಡು ಕೈ ಬಳಿಯಿರಿ. ಕಲೆ ಹೋಗಲಿ ಅಂತಲ್ಲ, ಮುಂದೆ ಕುಟ್ಟೆ ಬರದಿರಲಿ ಅಂತ. ಒಳಗೆ ತೇವ ಇರುವಾಗಲೇ ಅದು ಆಳಕ್ಕೆ ಇಳಿಯುತ್ತದೆ. ಹಲಸಿನ ಕಪ್ಪಾದ ಬಿಳಿ ಅಂಚನ್ನು ಕೊಯ್ದು ತೆಗೆದುಬಿಡಿ, ಅದನ್ನು ಬೇಕಾದರೆ ಒಲೆಗೆ ಹಾಕಿ.

ಈಗಿರುವ ನೀಲಿ ಹೋಗುತ್ತದೆಯೇ ಅಂದರೆ, ಪೂರ್ತಿ ಹೋಗುವುದಿಲ್ಲ. ಆಳ ಕಡಿಮೆ ಇದ್ದ ಕಡೆ ರಂದಾಕ್ಕೆ ಹೋಗುತ್ತದೆ. ಬ್ಲೀಚಿಂಗ್ ನೀರು ಮೇಲಿನ ಬೂಷ್ಟಿನ ಬಣ್ಣ ತೆಗೆಯುತ್ತದೆ, ಒಳಗಿನ ಎಳೆಗಳಿಗೆ ತಲುಪುವುದಿಲ್ಲ. ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಳಿ ಮಾಡುವವರಿದ್ದಾರೆ. ಕೈ ಸುಡುವ ಕೆಲಸ, ಮರದ ಸಹಜ ಬಣ್ಣವೂ ಹೋಗುತ್ತದೆ. ನನ್ನನ್ನು ಕೇಳಿದರೆ ನೀಲಿಯನ್ನು ಹಾಗೇ ಬಿಡಿ. ಮಾವಿನ ಹಳದಿ-ಕಂದು ಮೈಯಲ್ಲಿ ಆ ಗೆರೆಗಳು ನೋಡಲು ಕೆಟ್ಟದಾಗೇನೂ ಇರುವುದಿಲ್ಲ. ದುಡ್ಡು ಕೊಟ್ಟು ಅಂಥ ಮೇಜು ತಗೊಳ್ಳುವವರು ಇದ್ದಾರೆ. ಇಷ್ಟವಿಲ್ಲದಿದ್ದರೆ ಗೆರೆ ಕಡಿಮೆ ಇರುವ ಹಲಗೆ ಮೇಲುಭಾಗಕ್ಕೆ, ಹೆಚ್ಚಿರುವುದು ಕಾಲು, ಚೌಕಟ್ಟು, ಒಳಭಾಗಕ್ಕೆ ಅಂತ ಆಚಾರಿಗೆ ಹೇಳಿ. ಒಣಗಿದ ಹಲಗೆಯಲ್ಲಿ ಶಿಲೀಂಧ್ರ ಬೆಳೆಯುವುದಿಲ್ಲ, ಪಕ್ಕದ ಕುರ್ಚಿಗೂ ಹರಡುವುದಿಲ್ಲ. ಮತ್ತೆ ನೆನೆದು ಒದ್ದೆಯಾಗಿ ಉಳಿದರೆ ಮಾತ್ರ ಎದ್ದೀತು. ರಂದಾ, ಪಾಲಿಶ್ ಪೇಪರ್ ಹೊಡೆಯುವಾಗ ಮಾತ್ರ ಮಾಸ್ಕ್ ಹಾಕಿಕೊಳ್ಳಲಿ, ಉಬ್ಬಸ ಇರುವವರು ದೂರ ಇರಲಿ.

ಮೇಜಿಗೆ ಮೊದಲು ಅರಗಿನ ಪಾಲಿಶ್ ಎರಡು ಕೈ. ಕಲೆಯ ಭಾಗ ಹೆಚ್ಚು ಹೀರುತ್ತದೆ ಅಂದೆನಲ್ಲ, ಅರಗು ಆ ವ್ಯತ್ಯಾಸ ಮುಚ್ಚುತ್ತದೆ. ಅರಗಿನ ಮೇಲೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಹಾಗಾಗಿ ಊಟದ ಮೇಜಿಗೆ ಅದರ ಮೇಲೆ ಗಟ್ಟಿಯಾದ ವಾರ್ನಿಶ್ ಬೇಕಾಗುತ್ತದೆ. ಬಿಳಿಗಾರ ಬಳಿದ ಹಲಗೆ ಎಲ್ಲೂ ಬರಿ ಮೈಯಾಗಿ ಉಳಿಯಬಾರದು, ಅಡಿಭಾಗಕ್ಕೂ ಪಾಲಿಶ್ ಆಗಲಿ. ಚಪಾತಿ ಮಣೆ, ತರಕಾರಿ ಹೆಚ್ಚುವ ಹಲಗೆಯನ್ನು ಈ ಮರದಲ್ಲಿ ಮಾಡಿಸಬೇಡಿ. ಅಗಸೆ ಎಣ್ಣೆ ಹಚ್ಚುವ ಆಸೆ ಇದ್ದರೆ ಎರಡು ಮಾತು: ಹಸಿ ಅಗಸೆ ಎಣ್ಣೆಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಬೇಗ ಬರುತ್ತದೆ. ಮತ್ತೆ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಮಗುವಿನ ಮಂಚಕ್ಕೆ ಮಾವು ಬೇಡವೇ ಬೇಡ. ಹಲಸಿನ ಚೇಗು ಮಾತ್ರ ಬಳಸಿ, ಅದಕ್ಕೆ ಯಾವ ಔಷಧವೂ ಬೇಕಾಗಿಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿದ ಶುದ್ಧ ಅರಗು ಒಣಗಿದ ಮೇಲೆ ಮಗು ಬಾಯಿ ಹಾಕಿದರೂ ಭಯವಿಲ್ಲ. ಅಥವಾ ಬರೀ ಜೇನುಮೇಣ ಉಜ್ಜಿ. ಪಾಲಿಶ್ ಮಾಡುವವರು ಬಣ್ಣಕ್ಕೆಂದು ಬೇರೆ ಪುಡಿ ಸೇರಿಸದ ಹಾಗೆ ನಿಂತು ನೋಡಿಕೊಳ್ಳಿ.

ಉಳಿದದ್ದು ಎರಡನೆಯ ಮಾವಿನ ಮರ. ನಮ್ಮ ಕಡೆ ಇರುವ ದೊಡ್ಡ ತೊಡಕು ನಿಮ್ಮ ಪತ್ರದಲ್ಲೇ ಇದೆ: ಹಣ್ಣು ಮುಗಿಯಲಿ ಅಂತ ಕಾಯುವುದು. ಹಣ್ಣು ಮುಗಿಯುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಹಲಗೆಗೆ ಬೇಕಾದರೆ ಒಂದು ವರ್ಷದ ಫಲ ಬಿಡಲೇಬೇಕು. ಡಿಸೆಂಬರ್, ಜನವರಿಯಲ್ಲಿ ಕಡಿಸಿ. ಒಣಗಾಳಿಯ ನಾಲ್ಕು ತಿಂಗಳು ಸಿಗುತ್ತದೆ, ಒಂದಿಂಚಿನ ಹಲಗೆಗೆ ಅಷ್ಟು ಧಾರಾಳ. ದಿಮ್ಮಿ ಅಂಗಳದಲ್ಲಿ ಬಿದ್ದಿರುವಾಗಲೂ ಕತ್ತರಿಸಿದ ತುದಿಯಿಂದ, ತೊಗಟೆ ಹರಿದ ಕಡೆಯಿಂದ ಕಲೆ ಒಳಗೆ ಬರುತ್ತಲೇ ಇರುತ್ತದೆ. ಅದಕ್ಕೇ ಕಡಿದು ವಾರದೊಳಗೆ ಮಿಲ್ಲಿಗೆ ಹೋಗಲಿ. ಮಿಲ್ಲಿನಿಂದ ಬಂದ ದಿನವೇ, ಇಟ್ಟಿಗೆ ಜೋಡಿಸಿ ಪ್ಲಾಸ್ಟಿಕ್ ಹಾಸಿದ ತೊಟ್ಟಿಯಲ್ಲಿ ಬಿಳಿಗಾರದ ದ್ರಾವಣಕ್ಕೆ ಹಲಗೆಯನ್ನು ಹತ್ತು ನಿಮಿಷ ಮುಳುಗಿಸಿ, ನೀರು ಬಸಿದು, ಪಟ್ಟಿ ಕೊಟ್ಟು ಪೇರಿಸಿ. ಮರುದಿನಕ್ಕೆ ಇಡಬೇಡಿ. ಪಟ್ಟಿಗಳನ್ನು ಈಗಲೇ ಕೊಯ್ಸಿ ಒಣಗಲು ಇಟ್ಟುಬಿಡಿ. ಮಿಲ್ಲಿನವರು ಕೊಯ್ಯುವ ದಿನ ಗಟ್ಟಿ ಮಾಡಿದ ಮೇಲೆಯೇ ಮರ ಕಡಿಯುವವರನ್ನು ಕರೆಯಿರಿ. ಆ ದಿನ ಹುಣ್ಣಿಮೆಯೇ ಇದ್ದರೂ ಚಿಂತೆಯಿಲ್ಲ. ಅಮಾವಾಸ್ಯೆಗೇ ಆಗಬೇಕು ಅಂತ ಮಾವನವರು ಹಟ ಹಿಡಿದರೆ ಆ ತಿಂಗಳುಗಳಲ್ಲೂ ಅಮಾವಾಸ್ಯೆ ಬರುತ್ತದಲ್ಲ, ಮಿಲ್ಲಿನವರನ್ನು ಅದೇ ವಾರಕ್ಕೆ ಒಪ್ಪಿಸಿ.